ಮಸ್ಕತ್ತಿನ ಕೆಂಪು ತ್ರಿಕೋನ

ಮಸ್ಕತ್ತಿಗೆ ಹೋದವರು ಬರುವಾಗ ಬಂಗಾರ ತರುತ್ತಾರೆ, ಮೆತ್ತನೆಯ ಕಂಬಳಿ ತರುತ್ತಾರೆ, ಅಷ್ಟೂ ಕೈಲಾಗದವರು ಎರಡು ಬಾಟಲಿ ಅತ್ತರನ್ನಾದರೂ ತಂದು ಬೀಗರ ಮೈಗೆ ಹಚ್ಚುತ್ತಾರೆ. ಹುನ್ನೂರಿನ ಲಗಮಪ್ಪ ಹತ್ತು ಹನ್ನೆರಡು ವರ್ಷ ಅಲ್ಲಿ ನೀರಿನ ಟ್ಯಾಂಕರ್ ಓಡಿಸಿ ಊರಿಗೆ ಮರಳಿದಾಗ ಅವನ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಮಡಚುವ ಕೆಂಪು ತ್ರಿಕೋನ, ಅದರ ಕೆಳಗೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಟೇಪಿನ ಸುರುಳಿಗಳು. ಹೆಂಡತಿ ತಾರವ್ವ ಪೆಟ್ಟಿಗೆಯ ತಳದವರೆಗೆ ಕೈಯಾಡಿಸಿ ನೋಡಿದಳು.

"ಏನ್ರಿ ಇದು?"

"ಗಾಡಿ ಕೆಟ್ಟ ನಿಂತ್ರ ಹಿಂದ ರಸ್ತಾದಾಗ ಇಡೂದು. ಬರಾವ್ರಿಗೆ ದೂರಿಂದನ ಗೊತ್ತಾಗಲಿ ಅಂತ."

"ನಿಮ್ಮ ಹಂತ್ಯಾಕ ಗಾಡಿ ಎಲ್ಲೈತಿ?"

ಲಗಮಪ್ಪ ತ್ರಿಕೋನ ಮಡಚಿ ಗೋಡೆಯ ಗೂಟಕ್ಕೆ ನೇತುಹಾಕಿದ. ಮಸ್ಕತ್ತಿನಲ್ಲಿ ದುಡಿದದ್ದೆಲ್ಲ ಮನೆಗೂ ಮಗಳು ಪ್ರತಿಮಾಳ ನರ್ಸಿಂಗ್ ಓದಿಗೂ ಹೋಗಿತ್ತು, ಹಾಗಾಗಿ ತಾರವ್ವನೂ ಅದನ್ನು ಅಷ್ಟಕ್ಕೇ ಬಿಟ್ಟಳು. ಆದರೆ ಊರು ಸುಮ್ಮನಿದ್ದೀತೆ? ಮೂರೇ ದಿನದಲ್ಲಿ ಅವನು 'ಮಸ್ಕತ್ತ ಲಗಮಪ್ಪ' ಆದ. ಹುನ್ನೂರಿನಲ್ಲಿ ಒಮ್ಮೆ ಇಟ್ಟ ಹೆಸರು ಸ್ಮಶಾನದವರೆಗೂ ಬೆನ್ನು ಬಿಡುವುದಿಲ್ಲ.

ಆ ತ್ರಿಕೋನದ ಮೇಲೆ ಅವನಿಗೆ ಅಷ್ಟು ಪ್ರೀತಿ ಯಾಕೆ ಎಂದರೆ, ಅದರ ಹಿಂದೆ ಒಂದು ನಾಚಿಕೆ ಇತ್ತು. ಮಸ್ಕತ್ತಿನ ಕ್ಯಾಂಪಿನಲ್ಲಿ ಶುಕ್ರವಾರ ಸಂಜೆ ಡ್ರೈವರುಗಳೆಲ್ಲ ಸೇರಿ ಹರಟೆ ಹೊಡೆಯುತ್ತಿದ್ದರು. ಒಂದು ಸಲ ಯಾರ ದೇಶದ ರಸ್ತೆ ಎಲ್ಲಕ್ಕಿಂತ ಕೆಟ್ಟದ್ದು ಎಂಬ ಮಾತು ಬಂತು. ಪೇಶಾವರದವನು ಬೆಟ್ಟದ ತಿರುವಿನಲ್ಲಿ ಬಸ್ಸಿನ ಟಪ್ಪಿನ ಮೇಲೆ ಮದುವೆ ದಿಬ್ಬಣ ಕೂರುವುದನ್ನು ಹೇಳಿದ. ಢಾಕಾದವನು ಎರಡು ಬಸ್ಸು ಒಂದಕ್ಕೊಂದು ಮೈ ಉಜ್ಜುತ್ತ ಪಂದ್ಯ ಕಟ್ಟುವುದನ್ನು ಹೇಳಿದ. ಫಿಲಿಪೀನ್ಸಿನವನು ಒಂದೇ ಬೈಕಿನ ಮೇಲೆ ಇಡೀ ಸಂಸಾರವನ್ನೂ ಅದರ ಜೊತೆ ಒಂದು ಹಂದಿಯನ್ನೂ ಕೂರಿಸಿ ತೋರಿಸಿದ. ಎಲ್ಲರೂ ತಮ್ಮ ತಮ್ಮ ಮನೆತನದ ಹೆಚ್ಚುಗಾರಿಕೆ ಹೇಳುವವರಂತೆ ಎದೆ ಉಬ್ಬಿಸಿ ಹೇಳಿದರು.

ಕಡೆಗೆ ಲಗಮಪ್ಪ ಬಾಯಿ ತೆರೆದ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಅದರ ಮೇಲೆ ಮನೆಯಷ್ಟು ಎತ್ತರ ಕಬ್ಬು. ಹಿಂದೆ ಒಂದು ದೀಪ ಇಲ್ಲ. ಕತ್ತಲು. ಡ್ರೈವರ್ ಟೇಪು ಹಚ್ಚಿ ಹಾಡು ಕೇಳುತ್ತಿರುತ್ತಾನೆ, ಏರು ಬಂದಾಗ ಭಾರಕ್ಕೆ ಮುಂದಿನ ಗಾಲಿಗಳು ನೆಲ ಬಿಟ್ಟು ಏಳುತ್ತವೆ, ಆಗ ಅವನು ಹೆದರುವುದಿಲ್ಲ, ನಗುತ್ತಾನೆ. ಸುಳ್ಳು ಎಂದ ಪೇಶಾವರದವನು. ಸುಳ್ಳಲ್ಲ ಎಂದು ಲಗಮಪ್ಪ ದೇವರ ಆಣೆ ಮಾಡಿದ. ಮೊದಲ ನಂಬರು ಅವನಿಗೇ ಕೊಟ್ಟರು, ಬಹುಮಾನ ಒಂದು ಪ್ಲೇಟು ಬಿರಿಯಾನಿ. ಚಪ್ಪರಿಸಿ ತಿಂದ. ತಿಂದು ಮಲಗಿದಾಗ ನೆನಪಾಯಿತು: ಪ್ರತಿಮಾ ಓದು ಮುಗಿಸಿ ಜಮಖಂಡಿಯ ಒಂದು ಆಸ್ಪತ್ರೆಗೆ ಸೇರಿದ್ದಾಳೆ, ಸ್ಕೂಟಿ ತೆಗೆದುಕೊಂಡಿದ್ದಾಳೆ, ದಿನಾ ಅದೇ ರಸ್ತೆಯಲ್ಲಿ ಹೋಗಿ ಬರುತ್ತಾಳೆ. ಮರುದಿನವೇ ಹೋಗಿ ಆ ತ್ರಿಕೋನ, ಟೇಪು ಕೊಂಡ.

ಮಸ್ಕತ್ತಿನಲ್ಲಿ ಪೊಲೀಸರ ಕಾಟ ಬೇರೆ ನಮೂನೆಯದು. ಒಮ್ಮೆ ಟ್ಯಾಂಕರ್ ಹಿಂದಕ್ಕೆ ತೆಗೆಯುವಾಗ ರಸ್ತೆಯ ಬದಿಯ ಒಂದು ಫಲಕ ಬಗ್ಗಿತು, ಅಷ್ಟೇ. ಯಾರಿಗೂ ಒಂದು ತರಚು ಗಾಯವೂ ಇಲ್ಲ. ಪೊಲೀಸರು ಬಂದು ಟೇಪು ಹಿಡಿದು ಅಳೆದರು, ಚಿತ್ರ ಬರೆದರು, ನೀನು ಆಗ ಯಾವ ಕನ್ನಡಿಯಲ್ಲಿ ನೋಡುತ್ತಿದ್ದೆ ಎಂದು ಕೇಳಿದರು, ನೋಡಲಿಲ್ಲ ಎಂದಾಗ ಅದನ್ನೂ ಬರೆದುಕೊಂಡರು. ಅರ್ಧ ದಿನ ಬಿಸಿಲಿನಲ್ಲಿ ಕೂತು ಲಗಮಪ್ಪ ಅವರಿಗೆಲ್ಲ ಅಪ್ಪಟ ಹುನ್ನೂರಿನ ಕನ್ನಡದಲ್ಲಿ ಬೈದಿದ್ದ. ಮುಂದೊಂದು ದಿನ ಆ ಪೊಲೀಸರಿಗಾಗಿ ತಾನು ಹಂಬಲಿಸುತ್ತೇನೆ ಎಂದು ಆಗ ಯಾರಾದರೂ ಹೇಳಿದ್ದರೆ ಅವರಿಗೂ ಬೈಯುತ್ತಿದ್ದ.

ಊರಿಗೆ ಬಂದು ನೋಡಿದರೆ ರಸ್ತೆ ಅವನು ಬಿಟ್ಟುಹೋದಷ್ಟೇ ಅಗಲ ಇತ್ತು, ಕಬ್ಬು ಮಾತ್ರ ಹತ್ತು ಪಟ್ಟು ಆಗಿತ್ತು. ಹಿಪ್ಪರಗಿ ಬ್ಯಾರೇಜಿನಲ್ಲಿ ನೀರು ನಿಂತದ್ದೇ ತಡ, ಜೋಳ ಬಿತ್ತುತ್ತಿದ್ದವರೆಲ್ಲ ಕಬ್ಬು ಹಚ್ಚಿದ್ದರು. ಸುತ್ತ ಯಾವ ದಿಕ್ಕಿಗೆ ಹೊರಳಿದರೂ ಒಂದು ಸಕ್ಕರೆ ಫ್ಯಾಕ್ಟರಿಯ ಹೊಗೆ. ದೀಪಾವಳಿಗೆ ಹಂಗಾಮು ಶುರುವಾದರೆ ಶಿವರಾತ್ರಿಯವರೆಗೂ ಆ ರಸ್ತೆ ಮನುಷ್ಯರದ್ದಲ್ಲ. ಪ್ರತಿಮಾಳ ಡ್ಯೂಟಿ ಮುಗಿಯುವುದು ಕತ್ತಲಾಗುವ ಹೊತ್ತಿಗೇ. ಲಗಮಪ್ಪ ದಿನಾ ಸಂಜೆ ಮನೆಯ ಕಟ್ಟೆಯ ಮೇಲೆ ಕೂತು ಸ್ಕೂಟಿಯ ಸದ್ದು ಕೇಳುವವರೆಗೂ ಚಹಾ ಕುಡಿಯುತ್ತಿರಲಿಲ್ಲ.

"ನೌಕರಿ ಬಿಟ್ಟಬಿಡವಾ," ಎಂದ ಒಮ್ಮೆ. "ಹಂಗಾಮ ಮುಗಿದ ಮ್ಯಾಲ ಬ್ಯಾರೇ ಕಡೆ ನೋಡಿದ್ರಾತು."

"ನಾ ಬಿಟ್ರ ರಸ್ತಾ ಸುದ್ದ ಆಕೈತೇನಪಾ?" ಎಂದಳು ಮಗಳು. "ಹಂಗಾಮ ಸುರು ಆತಂದ್ರ ನಮ್ಮ ವಾರ್ಡಿನ್ಯಾಗ ಹಾಸಿಗಿ ಸಾಲೂದಿಲ್ಲ. ಅವ್ರನ್ನ ಯಾರ ನೋಡ್ಕೊಬೇಕು?"

ಮಗಳು ಬಿಡುವುದಿಲ್ಲ ಎಂದ ಮೇಲೆ ರಸ್ತೆಯನ್ನೇ ತಿದ್ದುವುದು ಎಂದು ಅವನು ತೀರ್ಮಾನಿಸಿದ. ನಗಬೇಡಿ. ಮಗಳಿರುವ ತಂದೆಯರು ಇದಕ್ಕಿಂತ ದೊಡ್ಡ ಹುಚ್ಚುತನಗಳನ್ನು ಮಾಡಿದ್ದಾರೆ.

ಊರ ಹೊರಗೆ ಗಿರಮಲ್ಲಪ್ಪನ ಚಹಾದಂಗಡಿ ಇತ್ತು. ಕಬ್ಬಿನ ಟ್ರ್ಯಾಕ್ಟರುಗಳು ಅಲ್ಲಿ ನಿಲ್ಲದೆ ಮುಂದೆ ಹೋಗುತ್ತಿರಲಿಲ್ಲ. ಲಗಮಪ್ಪ ಟೇಪಿನ ಸುರುಳಿ, ಕತ್ತರಿ, ಒಂದು ಒದ್ದೆ ಅರಿವೆ ಹಿಡಿದು ಅಲ್ಲಿ ಕೂತ. ಡ್ರೈವರುಗಳು ಚಹಾ ಕುಡಿಯುವಷ್ಟರಲ್ಲಿ ಟ್ರೇಲರಿನ ಹಿಂದಿನ ಹಲಗೆ ಒರೆಸಿ ಟೇಪು ಅಂಟಿಸುತ್ತಿದ್ದ. ಯಾರೂ ಬೇಡ ಎನ್ನಲಿಲ್ಲ. ಬಿಟ್ಟಿ ಬಂದದ್ದನ್ನು ಯಾರು ಬೇಡ ಎಂದಾರು? ಆದರೆ ಫ್ಯಾಕ್ಟರಿಗೆ ಹೋಗುವಾಗ ಕಬ್ಬಿನ ರವದಿ, ಅದರ ಒಣಗಿದ ಗರಿ, ಹಲಗೆಯನ್ನು ದಾಟಿ ಮೊಳದುದ್ದ ಹೊರಗೆ ಜೋತು ಬೀಳುತ್ತಿತ್ತು, ಟೇಪು ಅದರ ಅಡಿಯಲ್ಲಿ ಮುಸುಕು ಹಾಕಿಕೊಂಡು ಮಲಗುತ್ತಿತ್ತು. ಖಾಲಿ ಬರುವಾಗ ಮಾತ್ರ ಚೆನ್ನಾಗಿ ಹೊಳೆಯುತ್ತಿತ್ತು. ಸಾಲದ್ದಕ್ಕೆ ಅಮಾವಾಸ್ಯೆಯ ದಿನ ಕೆಲವರು ಟ್ರ್ಯಾಕ್ಟರ್ ತೊಳೆದು ಪೂಜೆ ಮಾಡುವಾಗ ಆ ಟೇಪಿಗೂ ಮೂರು ಬೆರಳ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟುಬಿಟ್ಟರು. ಹೊಳೆಯುವುದಕ್ಕೆ ಕೊಟ್ಟ ಮರ್ಯಾದೆ ಅದು, ಏನನ್ನುತ್ತೀರಿ!

"ಮಾಂವಾ, ಹಚ್ಚೂದ ಇದ್ರ ಕಬ್ಬಿಗೇ ಹಚ್ಚು," ಎಂದು ನಕ್ಕವನು ಮುತ್ತಪ್ಪ, ಲಗಮಪ್ಪನ ಸ್ವಂತ ಅಕ್ಕನ ಮಗ. ಅವನೂ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನೇ.

ಗಿರಮಲ್ಲಪ್ಪನಂತೂ ಚಹಾ ಸೋಸುತ್ತಲೇ ಕಾಲೆಳೆಯುತ್ತಿದ್ದ. "ಅಲ್ಲೋ ಲಗಮ್ಯಾ, ನಿನ್ನ ಮಸ್ಕತ್ತಿನ್ಯಾಗ ಮಂದಿನರ ಎಷ್ಟ ಅದಾರು? ನಮ್ಮ ಎರಡ ಜಿಲ್ಲಾದಷ್ಟ ಇರಬೇಕ. ಅಷ್ಟ ಮಂದಿನ್ನ ಸಾಲ ಹಚ್ಚಿ ನಡಸೂದು ದೊಡ್ಡ ಮಾತೇನು?"

"ಮಂದಿ ಎಷ್ಟಂತಲ್ಲೋ. ಅಲ್ಲಿ ಒಬ್ಬಾಂವ ಸತ್ರ ಯಾಕ ಸತ್ತ ಅಂತ ಕೇಳ್ತಾರ."

"ಇಲ್ಲೂ ಕೇಳ್ತೀವಲ್ಲ! ಯಾವಾಗ ಮಣ್ಣು ಅಂತ ಕೇಳ್ತೀವಿ," ಎಂದ ಗಿರಮಲ್ಲಪ್ಪ. ಅಂಗಡಿಯಲ್ಲಿ ಕೂತವರೆಲ್ಲ ನಕ್ಕರು. ಲಗಮಪ್ಪನಿಗೂ ನಗು ತಡೆಯಲಾಗಲಿಲ್ಲ. ನಗಿಸುತ್ತಿದ್ದರೂ ಅಂಗಡಿಯ ಮುಂದೆ ಅವನಿಗೆ ಕೂರಲು ಒಂದು ಬೆಂಚು ಹಾಕಿಕೊಟ್ಟವನು ಗಿರಮಲ್ಲಪ್ಪನೇ. ಒಂದು ದಿನ ತಾನಾಗಿಯೇ ಹಾಲಿನ ಕ್ಯಾನು ಹೊರುವ ತನ್ನ ಹಳೆಯ ಎಂ-ಎಯ್ಟಿ ಗಾಡಿ ತಂದು ನಿಲ್ಲಿಸಿದ. "ಹಚ್ಚಪಾ ಇದಕ್ಕೂ ಒಂದ ತುಣಕ. ನಿನ್ನ ಹರಕಿ ಮುಟ್ಟಲಿ." ಲಗಮಪ್ಪ ಒಂದಲ್ಲ, ಮೂರು ತುಣುಕು ಹಚ್ಚಿದ.

ಅದು ಅವನು ಬಂದ ಮೇಲಿನ ಎರಡನೆಯ ಹಂಗಾಮು, ಜನವರಿ ತಿಂಗಳು. ಹೊತ್ತು ಮುಳುಗುವುದಕ್ಕೆ ಇನ್ನೂ ಸ್ವಲ್ಪ ಇತ್ತು. ಊರಿನಿಂದ ಜಮಖಂಡಿ ಕಡೆಗೆ ಹೋಗುವಾಗ ಹಳ್ಳದ ತಿರುವು ಸಿಗುತ್ತದಲ್ಲ, ಅಲ್ಲಿ ಮುತ್ತಪ್ಪನ ಹಿಂದಿನ ಟ್ರೇಲರಿನ ಗಾಲಿ ಢಂ ಎಂದು ಒಡೆಯಿತು. ಸುದ್ದಿ ಕೇಳಿದ ಲಗಮಪ್ಪ ತ್ರಿಕೋನ ಬಗಲಲ್ಲಿಟ್ಟುಕೊಂಡು ಓಡಿದ. ಸುಳ್ಳೇಕೆ ಹೇಳಬೇಕು, ಓಡುವಾಗ ಅವನಿಗೆ ಒಳಗೊಳಗೇ ಖುಷಿಯಾಗಿತ್ತು. ಇಷ್ಟು ದಿನ ಗೂಟಕ್ಕೆ ನೇತಾಡಿದ ತ್ರಿಕೋನಕ್ಕೆ ಕೊನೆಗೂ ಒಂದು ಕೆಲಸ ಬಂದಿತ್ತು.

ಟ್ರೇಲರಿನಿಂದ ಉದ್ದಕ್ಕೆ ಹಿಂದೆ ನಡೆದು, ತಿರುವಿಗಿಂತ ಮೊದಲೇ ಕಾಣುವ ಹಾಗೆ ತ್ರಿಕೋನ ಬಿಚ್ಚಿ ನಿಲ್ಲಿಸಿದ. ಹಾಲು ತರಲು ತೋಟದ ಮನೆಗೆ ಹೊರಟಿದ್ದ ಗಿರಮಲ್ಲಪ್ಪ ಅದನ್ನು ನೋಡಿ ಗಾಡಿ ನಿಲ್ಲಿಸಿದ.

"ಏನೋ ಇದು, ಕುಟುಂಬ ಯೋಜನಾದ ಕೆಂಪ ತ್ರಿಕೋನ ತಂದ ಇಟ್ಟೀಯಲ್ಲ! ಟ್ರೇಲರ್ ಎರಡ ಸಾಕು, ಮೂರ ಬ್ಯಾಡ ಅಂತೇನು?"

ಅಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸರ್ಕಾರಿ ಗೋಡೆಗಳ ಮೇಲೆ ಆ ತ್ರಿಕೋನದ ತಲೆ ಕೆಳಗಿರುತ್ತದೆ, ಇದರದ್ದು ಮೇಲಿದೆ ಎಂದು ಲಗಮಪ್ಪ ತಿಳಿಸಿ ಹೇಳಲು ಹೋದ. ಅದಕ್ಕೆ ಇನ್ನೊಂದು ಸುತ್ತು ನಗು ಬಿತ್ತು.

ಅಷ್ಟರಲ್ಲಿ ಮುತ್ತಪ್ಪ ಕಲ್ಲು ತರತೊಡಗಿದ್ದ. ನಮ್ಮ ಕಡೆ ಗಾಡಿ ಕೆಟ್ಟು ನಿಂತರೆ ಕಲ್ಲಿಡುವುದೇ ಪದ್ಧತಿ. ಗಾಲಿಗೆ ಒಂದು, ಹಿಂದೆ ಒಂದು ಸಾಲು, ರಸ್ತೆಯ ನಡುವಿನವರೆಗೆ. ಮೂರು ತಾಲೂಕು ತಿರುಗಿದರೂ ಬೇರೆ ರೂಢಿ ಕಾಣಲಿಕ್ಕಿಲ್ಲ. ಕತ್ತಲಾಗುವ ಸೂಚನೆ ಇತ್ತು, ತ್ರಿಕೋನ ಒಂದೇ ಸಾಲದು ಎಂದು ಲಗಮಪ್ಪನಿಗೂ ಅನ್ನಿಸಿತು. ಅವನೂ ಧೋತರ ಮೇಲೆ ಕಟ್ಟಿ, ಹಳ್ಳದ ದಂಡೆಯಿಂದ ಒಂದು ದೊಡ್ಡ ಕರಿಕಲ್ಲು ಉರುಳಿಸಿಕೊಂಡು ಬಂದು ಸಾಲಿನ ತುದಿಗೆ, ರಸ್ತೆಯ ನಟ್ಟನಡುವೆ ಇಟ್ಟ. "ಇನ್ನಷ್ಟ ಈ ಕಡೆ ಸರಸೋ," ಎಂದು ಗಿರಮಲ್ಲಪ್ಪನೇ ಗಾಡಿಯ ಮೇಲೆ ಕೂತು ಕೈಮಾಡಿ ತೋರಿಸಿ, ಹಾಲಿಗೆ ಹೊತ್ತಾಯಿತೆಂದು ಹೋದ.

ಬೇರೆ ಗಾಲಿ ಬಂತು, ಕೂಡಿಸಿದರು. ಫ್ಯಾಕ್ಟರಿಯ ಪಾಳಿ ತಪ್ಪುತ್ತದೆಂದು ಮುತ್ತಪ್ಪ ಟೇಪಿನ ಹಾಡು ಜೋರು ಮಾಡಿ ಹೊರಟೇಬಿಟ್ಟ. ಲಗಮಪ್ಪ ತ್ರಿಕೋನ ಎತ್ತಿಕೊಂಡ, ಅಂಗಿಯ ತುದಿಯಿಂದ ಧೂಳು ಒರೆಸಿದ, ಮೂರೂ ಕಾಲು ಜೋಪಾನವಾಗಿ ಮಡಚಿ ಚೀಲಕ್ಕೆ ಹಾಕಿದ. ಅಲ್ಲಿ ಕಲಿತದ್ದು ಅದು: ಇಟ್ಟದ್ದನ್ನು ಮರಳಿ ಎತ್ತಿಕೊಳ್ಳಬೇಕು. ಕಲ್ಲು ಇಲ್ಲಿ ಕಲಿತದ್ದು. ಇಲ್ಲಿ ಗಾಡಿ ಹೋಗುತ್ತದೆ, ಕಲ್ಲು ಉಳಿಯುತ್ತದೆ. ಹುಟ್ಟಿದಾಗಿನಿಂದ ಯಾರಾದರೂ ಅಂಥ ಕಲ್ಲು ತೆಗೆದದ್ದನ್ನು ಅವನು ನೋಡಿಲ್ಲ, ಬೇರೆ ಗಾಡಿಗಳು ಬಳಸಿ ಹೋಗುತ್ತವೆ, ಎಂದಾದರೊಂದು ದಿನ ಮಳೆಗೋ ಗಾಲಿಗೋ ಅವು ಬದಿಗೆ ಸರಿಯುತ್ತವೆ. ಮಸ್ಕತ್ತಿನಲ್ಲಿ ಎಷ್ಟು ವರ್ಷ ಇದ್ದು ಬಂದರೇನು, ಹುನ್ನೂರಿನ ಕಣ್ಣಿಗೆ ಆ ಕಲ್ಲುಗಳು ಕಾಣಲಿಲ್ಲ. ಮಗಳು ಬರುವ ಹೊತ್ತಾಯಿತೆಂದು ಅವನು ಲಗುಬಗೆಯಿಂದ ಮನೆ ಸೇರಿ ಕಟ್ಟೆಯ ಮೇಲೆ ಕೂತ.

ಪ್ರತಿಮಾ ಬಂದಳು. ಸ್ಕೂಟಿ ನಿಲ್ಲಿಸಿ, ಹೆಲ್ಮೆಟ್ ತೆಗೆದು ಉಸಿರು ಬಿಟ್ಟಳು.

"ಯಪ್ಪಾ, ಇವತ್ತ ಬೀಳಾಕಿ ಇದ್ದೆ ನೋಡು. ಹಳ್ಳದ ತಿರವಿನ್ಯಾಗ ಯಾರೋ ಪುಣ್ಯಾತ್ಮರು ರಸ್ತಾದ ನಡಕ ಕಲ್ಲ ಇಟ್ಟ ಹೋಗ್ಯಾರ. ಮುಂದ ಹೊಂಟ ಬಸ್ಸ ಬಳಸಿದ್ದಕ್ಕ ಗೊತ್ತಾತು."

ಲಗಮಪ್ಪ ತಟ್ಟನೆ ಎದ್ದ. ಬ್ಯಾಟರಿ ತೆಗೆದುಕೊಂಡು ಬರಿಗಾಲಲ್ಲಿ ಓಡಿದ. "ಅಪ್ಪಾ, ಏನಾತು?" ಎನ್ನುತ್ತ ಪ್ರತಿಮಾ ಮತ್ತೆ ಸ್ಕೂಟಿ ಹೊರಳಿಸಿ ಹಿಂದೆಯೇ ಬಂದಳು.

ತಿರುವಿನ ಹತ್ತಿರ ಬ್ಯಾಟರಿ ಹಾಕಿದಾಗ ಮೊದಲು ಕಂಡದ್ದು ಮೂರು ಕೆಂಪು ತುಣುಕು. ಎಷ್ಟು ಚೆನ್ನಾಗಿ ಹೊಳೆದವು! ನೆಲಮಟ್ಟದಲ್ಲಿ, ಅಡ್ಡಡ್ಡವಾಗಿ ಹೊಳೆದವು. ಎಂ-ಎಯ್ಟಿ ಬಿದ್ದಿತ್ತು, ಕ್ಯಾನಿನ ಹಾಲು ರಸ್ತೆಯುದ್ದಕ್ಕೂ ಹರಿದಿತ್ತು, ಗಿರಮಲ್ಲಪ್ಪ ಆ ಹಾಲಿನಲ್ಲಿ ಮುಖ ಕೆಳಗೆ ಮಾಡಿ ಬಿದ್ದಿದ್ದ. ಹೋಗುವಾಗ ಕಲ್ಲು ನೋಡಿದ್ದವನೇ ಅವನು. ಬರುವಾಗ ಟ್ರ್ಯಾಕ್ಟರ್ ಕಾಣಲಿಲ್ಲ. ಟ್ರ್ಯಾಕ್ಟರ್ ಇಲ್ಲ ಎಂದ ಮೇಲೆ ದಾರಿ ಖಾಲಿ ಎಂದುಕೊಂಡಿರಬೇಕು.

ನನ್ನ ಮಗಳಲ್ಲ, ನನ್ನ ಮಗಳಲ್ಲ. ಲಗಮಪ್ಪನ ಮನಸ್ಸು ಮೊದಲು ಹೇಳಿದ್ದು ಇದನ್ನೇ. ಆಮೇಲೆ ಆ ಮಾತಿಗೆ ತಾನೇ ಹೇಸಿ ನೆಲಕ್ಕೆ ಕೂತ.

ಪ್ರತಿಮಾ ತನ್ನ ವೇಲನ್ನು ಮಡಚಿ ಗಿರಮಲ್ಲಪ್ಪನ ತಲೆಗೆ ಒತ್ತಿ ಹಿಡಿದಳು. ಬಂದ ಒಂದು ಟಂಟಂ ರಿಕ್ಷಾ ನಿಲ್ಲಿಸಿ ಮಲಗಿಸಿಕೊಂಡು ಜಮಖಂಡಿಗೆ ಹೊರಟರು. ಜಮಖಂಡಿಯ ದೀಪಗಳು ಕಾಣುವ ಮೊದಲೇ ಅವಳು ಒತ್ತಿದ್ದ ಕೈ ತೆಗೆದಳು.

"ನಾನೂ ತಗೀಲಿಲ್ಲಪಾ," ಎಂದಳು. "ಗಾಡಿ ನಿಲ್ಲಿಸಿ ಒಂದ ಕಲ್ಲ ಸರಸಾಕ ಎಷ್ಟೊತ್ತ ಬೇಕಿತ್ತು? ಬಸ್ಸಿನಾವ್ರೂ ತಗೀಲಿಲ್ಲ, ನಾನೂ ತಗೀಲಿಲ್ಲ."

ಆ ಕಲ್ಲು ನಾನು ಇಟ್ಟದ್ದು ಎಂದು ಲಗಮಪ್ಪ ಆಗಲೇ ಹೇಳಿದ. ಅವಳು ಅವನ ಕಡೆ ನೋಡಿದಳು, ಆಮೇಲೆ ವೇಲು ಬಿಚ್ಚಿ ಗಿರಮಲ್ಲಪ್ಪನ ಮುಖ ಮುಚ್ಚಿದಳು.

ಮರುದಿನ ಬೆಳಿಗ್ಗೆ ಹವಾಲ್ದಾರ ಬಂದ. ಲಗಮಪ್ಪ ಅವನ ಮುಂದೆ ಹೋಗಿ ನಿಂತ. "ಸಾಹೇಬ್ರ, ಕಲ್ಲ ಇಟ್ಟಾಂವ ನಾನು. ಬರಕೊಳ್ರಿ."

"ಯಾಕ ಇಟ್ಟಿ?"

"ಟ್ರೇಲರ್ ನಿಂತಿತ್ರಿ. ಯಾರೂ ಬಂದ ಹಾಯಬಾರ್ದಂತ."

"ಮತ್ತ ಸುರಕ್ಷತಾಕ್ಕ ಇಟ್ಟೀದಿ. ಅದರಾಗ ತಪ್ಪೇನೈತಿ? ಕಲ್ಲ ಎಲ್ಲಾರೂ ಇಡ್ತಾರ. ಅಂವಾ ನೋಡಿ ಹೊಡೀಬೇಕಿತ್ತು," ಎಂದ ಹವಾಲ್ದಾರ. ಸವಾರನ ಸ್ವಂತ ಅಜಾಗರೂಕತೆ ಎಂದು ಬರೆದ.

"ಹಂಗ ಬರೀಬ್ಯಾಡ್ರಿ! ಅಂವಂದೇನೂ ತಪ್ಪಿಲ್ರಿ. ನಾ ತ್ರಿಕೋನ ಎತ್ಕೊಂಡೆ, ಕಲ್ಲ ಎತ್ತಲಿಲ್ಲ. ಅದನ್ನ ಬರೀರಿ. ಯಾವಾಗ ಇಟ್ಟಿ, ಯಾಕ ತಗೀಲಿಲ್ಲ ಅಂತ ಕೇಳ್ರಿ ನನ್ನ!"

"ಮುದುಕನ್ನ ಮನಿಗೆ ಕರಕೊಂಡ ಹೋಗ್ರೋ, ದೋಸ್ತ ಸತ್ತಾನಂತ ತಲಿ ಕೆಟ್ಟೈತಿ," ಎಂದ ಹವಾಲ್ದಾರ.

ಗಿರಮಲ್ಲಪ್ಪನ ಹೆಂಡತಿ ಶೇವಂತಿಯ ಕಾಲಿಗೆ ಬಿದ್ದು ಹೇಳಿದ. ಅವಳು ಬೈದಿದ್ದರೆ, ಎದೆಗೆ ಗುದ್ದಿದ್ದರೆ ಅವನಿಗೆ ಉಸಿರಾಡಲು ಬರುತ್ತಿತ್ತೇನೋ. ಆ ಹೆಣ್ಣುಮಗಳು ಅಳುತ್ತಲೇ ಅವನ ಭುಜ ಹಿಡಿದು ಎಬ್ಬಿಸಿದಳು. "ನಿನ್ನ ಹೆಸರ ಯಾಕ ತಗೀತಿ ಅಣ್ಣಾ, ಅವರ ಹಣೇಬಾರದಾಗ ಇದ್ದದ್ದ ಆತು." ಬಗ್ಗಿದ ಒಂದು ಫಲಕಕ್ಕೆ ಅರ್ಧ ದಿನ ಪ್ರಶ್ನೆ ಕೇಳಿದ್ದ ಆ ದೇಶದ ಪೊಲೀಸರು ನೆನಪಾಗಿ ಲಗಮಪ್ಪನಿಗೆ ಅಳು ಉಕ್ಕಿ ಬಂತು. ಇಲ್ಲಿ ಒಂದು ಜೀವ ಹೋದರೂ ಅವನನ್ನು ಒಂದು ಪ್ರಶ್ನೆ ಕೇಳುವವರು ಇರಲಿಲ್ಲ.

ಸಂಜೆ, ಮಣ್ಣು ಮುಗಿದ ಮೇಲೆ, ತ್ರಿಕೋನದ ಚೀಲ ಹಿಡಿದು ತಿರುವಿಗೆ ಹೋಗಿ ನೋಡಿದ. ರಕ್ತದ ಕಲೆಯ ಮೇಲೆ ಗಾಡಿ ಹಾಯಬಾರದೆಂದು ಜನ ಅದರ ಸುತ್ತ ಕಲ್ಲಿಟ್ಟಿದ್ದರು. ಅವೇ ಕಲ್ಲು. ಅವನು ಉರುಳಿಸಿ ತಂದ ದೊಡ್ಡ ಕರಿಕಲ್ಲೂ ಅದರಲ್ಲಿತ್ತು, ಈಗಲೂ ರಸ್ತೆಯ ನಟ್ಟನಡುವೆ. ಬಗ್ಗಿ ಅದಕ್ಕೆ ಕೈ ಹಾಕಿದ.

"ಮುಟ್ಟಬ್ಯಾಡ!" ಎಂದು ಬದಿಯಲ್ಲಿ ಬೀಡಿ ಸೇದುತ್ತ ಕೂತಿದ್ದ ಪೊಲೀಸಿನವನು ಕೂಗಿದ. "ದೊಡ್ಡ ಸಾಹೇಬ್ರು ಬಂದ ಜಾಗಾ ನೋಡೂ ಮಟಾ ಹಂಗ ಇರಬೇಕು."

"ಯಾವಾಗ ಬರ್ತಾರ್ರಿ?"

"ನಾಳೆ, ನಾಡದ. ರಸ್ತೆ ಸುರಕ್ಷತಾ ಸಪ್ತಾಹ ನಡದೈತಿ, ಅಲ್ಲಿ ಭಾಷಣಕ್ಕ ಹೋಗ್ಯಾರ." ಅಷ್ಟು ಹೇಳಿ ಅವನು ಸೈಕಲ್ ಹತ್ತಿ ಊರ ಕಡೆ ಊಟಕ್ಕೆ ಹೋದ. "ತಗದಿ ಅಂದ್ರ ಒಳಗ ಹಾಕಬೇಕಾಕೈತಿ ನೋಡು," ಎಂದು ಹೊರಳಿ ಹೇಳಿಯೂ ಹೋದ. ಕಲ್ಲು ಇಟ್ಟದ್ದಕ್ಕೆ ಅಲ್ಲ, ತೆಗೆದರೆ ಒಳಗೆ!

ತೆಗೆದೇಬಿಡಲು ಲಗಮಪ್ಪನಿಗೆ ಧೈರ್ಯ ಸಾಲಲಿಲ್ಲ. ಕಲ್ಲಿನ ಸುತ್ತಿನ ನಡುವೆ ಇದ್ದದ್ದು ಗಿರಮಲ್ಲಪ್ಪನ ರಕ್ತ, ಅದರ ಮೇಲೆ ಗಾಡಿ ಹತ್ತಿಸುವ ಅಧಿಕಾರ ತನಗಿಲ್ಲ ಎಂದೂ ಅನ್ನಿಸಿತು. ಬಿಟ್ಟುಹೋಗಲೂ ಆಗಲಿಲ್ಲ. ತ್ರಿಕೋನ ಬಿಚ್ಚಿ ಎದೆಯ ಮುಂದೆ ಹಿಡಿದುಕೊಂಡು ಕಲ್ಲಿನ ಪಕ್ಕದಲ್ಲಿ ನಿಂತ. ಖಾಲಿ ಟ್ರೇಲರ್ ಎಳೆದುಕೊಂಡು ಮುತ್ತಪ್ಪ ಬಂದ, ಮಾವನನ್ನು ನೋಡಿ ತಲೆ ತಗ್ಗಿಸಿ, ಬಳಸಿ ಹೋದ. ಟ್ರೇಲರಿನ ಹಿಂದೆ ಟೇಪು ಹೊಳೆಯುತ್ತ ದೂರವಾಯಿತು.

ಕತ್ತಲಾಗುತ್ತಿದ್ದಂತೆ ಸ್ಕೂಟಿ ಬಂತು. ಶವಸಂಸ್ಕಾರಕ್ಕೂ ಪ್ರತಿಮಾಳಿಗೆ ರಜೆ ಸಿಕ್ಕಿರಲಿಲ್ಲ, ವಾರ್ಡು ತುಂಬಿತ್ತು.

"ಮನಿಗೆ ನಡಿಯಪಾ."

"ನೀ ಹೋಗವಾ. ಇನ್ನ ಬರಾವ್ರ ಭಾಳ ಮಂದಿ ಅದಾರ."

"ನೀ ಬಂದ್ರ ನಾನೂ ಹೋಗ್ತೀನಿ."

"ನಾ ಹೆಂಗ ಬರ್ಲಿ? ಈ ಕಲ್ಲ ನೋಡು..."

"ಹಂಗಾದ್ರ ನಾನೂ ಇಲ್ಲೇ ಇರ್ತೀನಿ," ಎಂದು ಅವಳು ಸ್ಕೂಟಿಯನ್ನು ಬದಿಗೆ ನಿಲ್ಲಿಸಿ, ಅದರ ದೀಪ ಕಲ್ಲಿನ ಮೇಲೆ ಬೀಳುವ ಹಾಗೆ ಹೊರಳಿಸಿ, ಬಂದು ಅವನ ಪಕ್ಕದಲ್ಲಿ ನಿಂತಳು.

"ಹೋಗಂತೀನಲ್ಲ!" ಲಗಮಪ್ಪ ಕಿರುಚಿದ. ಅವಳು ಕದಲಲಿಲ್ಲ. ಹಟದಲ್ಲಿ ಅವಳು ಅಪ್ಪನ ಮಗಳೇ. ಅವಳು ಈ ರಸ್ತೆಯನ್ನು ಬೇಗ ದಾಟಿ ಮನೆ ಸೇರಲಿ ಎಂದು ಎರಡು ಹಂಗಾಮು ಒದ್ದಾಡಿದ್ದ. ಈಗ ಅದೇ ರಸ್ತೆಯ ನಟ್ಟನಡುವೆ ಅವಳನ್ನು ತಾನೇ ತಂದು ನಿಲ್ಲಿಸಿದ್ದ.

ತಿರುವಿನ ಆಚೆಯಿಂದ ಟ್ರ್ಯಾಕ್ಟರಿನ ಹಾಡು ಕೇಳಿತು. ಹಾಡು ಮಾತ್ರ, ದೀಪ ಇನ್ನೂ ಕಾಣಲಿಲ್ಲ. ಲಗಮಪ್ಪ ತ್ರಿಕೋನವನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿದು, ಮಗಳನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. ಆಗ ಬೆನ್ನ ಹಿಂದಿನಿಂದ, ಮಗಳು ನಿಂತಿದ್ದ ಊರಿನ ಕಡೆಯಿಂದಲೂ ಇನ್ನೊಂದು ಟ್ರ್ಯಾಕ್ಟರಿನ ಹಾಡು ಬರತೊಡಗಿತು.